ಗೀಸರಿಗೆ ನಾಡಿ ನೋಡುವ ಅತ್ತೆ

ನಮ್ಮ ಅತ್ತೆ ಗೀಸರಿಗೆ ನಾಡಿ ನೋಡುತ್ತಾಳೆ. ನಗಬೇಡಿ! ನಿಮ್ಮನ್ನು ನಗಿಸಲು ನಾನು ಹೇಳುತ್ತಿಲ್ಲ, ಹೊಟ್ಟೆ ಉರಿದು ಹೇಳುತ್ತಿದ್ದೇನೆ. ದಿನಾ ಬೆಳಿಗ್ಗೆ ಎದ್ದು ಮುಖ ತೊಳೆದವಳೇ ಬಚ್ಚಲುಮನೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಕೂರುತ್ತಾಳೆ. ಸ್ವಿಚ್ಚು ಒತ್ತಿ, ಗೋಡೆಯ ಮೇಲಿನ ಆ ಡಬ್ಬಿಯ ಕಡೆಗೆ ಕಿವಿ ಕೊಟ್ಟು, ಮಣಿಕಟ್ಟಿನ ಗಡಿಯಾರ ನೋಡುತ್ತಾಳೆ. ಮನುಷ್ಯರ ನಾಡಿಗೆ ಒಂದು ನಿಮಿಷ ಸಾಕು, ಗೀಸರಿಗೆ ಹದಿನೈದು ನಿಮಿಷ ಬೇಕು! ಅಷ್ಟು ಹೊತ್ತು ಮನೆಯಲ್ಲಿ ಮಿಕ್ಸಿ ಹಾಕುವಂತಿಲ್ಲ, ಟಿವಿ ಹಚ್ಚುವಂತಿಲ್ಲ, ನಾನು ಗಂಡನಿಗೆ ಬೈಯುವಂತಿಲ್ಲ. ಮೊದಲಿನ ಎರಡನ್ನು ಹೇಗೋ ಸಹಿಸಿಕೊಂಡೆ. ಮೂರನೆಯದು ನನ್ನ ಆರೋಗ್ಯದ ಪ್ರಶ್ನೆ.

ಅತ್ತೆ ಎಂದ ಕೂಡಲೇ ಗಂಡನ ತಾಯಿ ಎಂದುಕೊಂಡು ನನ್ನ ಮೇಲೆ ಕನಿಕರ ತೋರಿಸಬೇಡಿ. ಈಕೆ ನನ್ನಪ್ಪನ ಅಕ್ಕ, ನನ್ನ ಸ್ವಂತ ಸೋದರತ್ತೆ. ಹಾಗಾಗಿ ಎಷ್ಟು ಬೈದರೂ ನಾನು ನನ್ನ ತವರಿಗೇ ಬೈದಂತೆ, ಯಾರೂ ಕೇಳುವವರಿಲ್ಲ. ಸುರಪುರ, ಹುಣಸಗಿ ಕಡೆಯ ಹಳ್ಳಿಗಳಲ್ಲಿ ಜೀವಮಾನವೆಲ್ಲ ನರ್ಸಮ್ಮನಾಗಿ ಓಡಾಡಿದವಳು. ಮದುವೆಯಾಗಲಿಲ್ಲ. ಯಾಕೆ ಅತ್ತೆ ಎಂದು ಒಮ್ಮೆ ಕೇಳಿದ್ದೆ. ‘ಟೈಮ್ ಎಲ್ಲಿತ್ತಬೇ? ಊರಾಗಿನ ಹೆಂಗಸರೆಲ್ಲಾ ಪಾಳಿ ಹಚ್ಚಿ ಹಡಿಯಾಕತ್ತಿದ್ರು!’ ಎಂದಳು. ನಿವೃತ್ತಿಯಾದ ಮೇಲೆ ಶಹಾಪುರದಲ್ಲಿ ಮನೆ ಕಟ್ಟಿಸಿದಳು. ನನಗೆ ಅದೇ ಊರಿನ ಶಾಲೆಯಲ್ಲಿ ಕೆಲಸ, ನನ್ನ ಗಂಡನಿಗೆ ಭೀಮರಾಯನಗುಡಿಯ ಆಫೀಸಿನಲ್ಲಿ ಗುಮಾಸ್ತಿಕೆ. ‘ಬಾಡಿಗಿ ಮನಿ ಯಾಕ? ಇಲ್ಲೇ ಬಂದು ಬೀಳ್ರಿ’ ಎಂದಳು. ಬಂದು ಬಿದ್ದೆವು. ನಾವು ಬೀಳುವ ಮೊದಲೇ ಆ ಗೀಸರು ಅಲ್ಲಿತ್ತು. ಹುಣಸಗಿಯ ಕ್ವಾರ್ಟರ್ಸಿನಿಂದ ಅವಳ ಜೊತೆಗೇ ವರ್ಗವಾಗಿ ಬಂದದ್ದು. ಅವಳಿಗೆ ನಿವೃತ್ತಿಯಾಯಿತು, ಅದಕ್ಕೆ ಮಾತ್ರ ಆಗಲಿಲ್ಲ.

ನಮ್ಮ ಕಡೆಯ ಬಿಸಿಲು ಕಂಡವರು ಕೇಳಬಹುದು, ಯಾದಗಿರಿ ಜಿಲ್ಲೆಯವರಿಗೆ ಗೀಸರು ಯಾಕೆ ಎಂದು. ಸರಿಯಾದ ಪ್ರಶ್ನೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲಿನ ಸಿಂಟೆಕ್ಸಿನ ನೀರಿಗೆ ಚಹಾಪುಡಿ ಹಾಕಿದರೆ ಸಾಕು. ಬೆಳಿಗ್ಗೆಯೇ ಬಕೀಟಿನಲ್ಲಿ ಹಿಡಿದಿಟ್ಟು ಆರಿಸಿಕೊಂಡು ಸ್ನಾನ ಮಾಡುವ ಜನ ನಾವು. ಆದರೆ ದೀಪಾವಳಿ ಕಳೆದು ಸಂಕ್ರಾಂತಿಯವರೆಗೆ ಇದೇ ಊರಿನಲ್ಲಿ ಹಲ್ಲು ಕಟಕಟ ಎನ್ನುತ್ತದೆ. ಆಗ ಬಿಸಿನೀರು ಬೇಕೇ ಬೇಕು. ಮತ್ತೆ ನಮ್ಮ ಬೋರಿನ ನೀರೋ! ಅದು ನೀರಲ್ಲ, ಕರಗಿದ ಸುಣ್ಣ. ಹೊಸ ಕೊಡ ತಂದು ತಿಂಗಳಾಗುವುದರೊಳಗೆ ಅದಕ್ಕೆ ಒಳಗಿನಿಂದ ಬಿಳಿ ಬಣ್ಣ ಹೊಡೆದಿರುತ್ತದೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದು ಕುದಿಸಿದ ಗೀಸರಿನ ಹೊಟ್ಟೆ ಹೇಗಿರಬೇಡ?

ಹೇಗಿತ್ತೆಂದು ಒಂದು ದಿನ ನೋಡಿಯೇಬಿಟ್ಟೆವು. ನೀರು ಕಾಯುವುದೇ ನಿಂತಾಗ ರಿಪೇರಿಯ ರಫೀಕನನ್ನು ಕರೆಸಿದೆ. ಅವನು ಮೇಲೇರಿ, ಬಿಚ್ಚಿ, ಒಳಗಿನ ಕಾಯಿಲು ಹೊರಗೆಳೆದ. ಅದಕ್ಕೆ ಮೆತ್ತಿಕೊಂಡಿದ್ದ ಉಪ್ಪು ನೋಡಬೇಕಿತ್ತು! ಥೇಟ್ ಹಿಟ್ಟಿನಲ್ಲಿ ಮುಳುಗಿಸಿ ತೆಗೆದ ಮಿರ್ಚಿ ಭಜಿ. ರಫೀಕ ಹಣೆ ಒರೆಸಿಕೊಂಡು ಹೇಳಿದ:

‘ನರ್ಸಮ್ಮಾ, ಇದರ ಕಥಿ ಮುಗದದ. ಕಾಯಿಲ್ ಏನೋ ಹೊಸಾದು ಹಾಕಬಹುದ್ರಿ. ಖರೇ ಟ್ಯಾಂಕಿನ ಒಳಗ ಜಂಗ್ ಹಿಡದದ, ಥರ್ಮೋಸ್ಟಾಟ್ ಸತ್ತದ. ಕಾಯಾಕ ಹತ್ತಿದ್ರ ತಾನಾಗಿ ಬಂದ್ ಆಗಂಗಿಲ್ಲ, ಕುದಿಯೋ ತನಕ ಕಾಯ್ತದ. ಹೊಸ ಗೀಸರ್ ತೊಗೊಂಡ್ಬಿಡ್ರಿ.’

ಅತ್ತೆ ಕನ್ನಡಕ ಏರಿಸಿ ಅವನನ್ನೇ ನೋಡಿದಳು. ‘ಏ ರಫೀಕ್, ನೀ ಹುಟ್ಟಿದಾಗ ಅತ್ತಿದ್ದೇನು?’

‘ನನಗ ಹೆಂಗ ಗೊತ್ತಿರ್ತದ್ರಿ?’

‘ಅಳಲಿಲ್ಲ. ನೀಲಿ ಆಗಿ ಬಿದ್ದಿದ್ದಿ. ಎರಡೂ ಕಾಲು ಹಿಡದು ತಲಿ ತೆಳಗ ಮಾಡಿ ಬೆನ್ನಿಗೆ ಎರಡು ಕೊಟ್ಟೆ, ಆಗ ಕುಂಯ್ ಅಂದಿ. ಅವತ್ತು ನಿಮ್ಮ ಅಮ್ಮಿ, ಇದು ಕೆಟ್ಟದ, ಹೊಸಾದು ಕೊಡ್ರಿ ಅಂದಿದ್ಲೇನು?’

ರಫೀಕ ಹೊಸ ಕಾಯಿಲು ಹಾಕಿ ಹೋದ. ಇದೇ ನೋಡಿ ನನ್ನ ಕಷ್ಟ. ಈ ತಾಲ್ಲೂಕಿನಲ್ಲಿ ಯಾವ ಮೆಕ್ಯಾನಿಕ್ಕನನ್ನು ಕರೆಸಿದರೂ, ಯಾವ ಅಂಗಡಿಯವನ ಹತ್ತಿರ ಹೋದರೂ, ಅವನು ಹುಟ್ಟುವಾಗ ಇವಳು ಅಲ್ಲೇ ನಿಂತಿರುತ್ತಾಳೆ. ತನ್ನನ್ನು ಬತ್ತಲೆ ನೋಡಿದವಳ ಮುಂದೆ ಯಾವ ಗಂಡಸು ತಾಂತ್ರಿಕ ಸಲಹೆ ಕೊಟ್ಟಾನು?

ನಾನು ನಮ್ಮ ಶಾಲೆಯ ವಿಜ್ಞಾನದ ಮೇಡಂ ಹತ್ತಿರ ದುಃಖ ತೋಡಿಕೊಂಡೆ. ಅವರು ಪಾಠ ಮಾಡುವ ದನಿಯಲ್ಲೇ ಹೇಳಿದರು. ಗೀಸರಿನ ನೀರು ಕೆಂಪಾದರೆ, ತಳದಲ್ಲಿ ಸೋರಿದರೆ, ಒಳಗಿನಿಂದ ಸಪ್ಪಳ ಬಂದರೆ, ನಲ್ಲಿ ಮುಟ್ಟಿದಾಗ ಜುಮ್ ಎಂದರೆ, ಇವುಗಳಲ್ಲಿ ಯಾವುದೇ ಒಂದು ಕಂಡರೂ ಬದಲಿಸುವ ಕಾಲ ಬಂತೆಂದು ತಿಳಿಯಬೇಕಂತೆ. ಯಾವುದೇ ಒಂದು! ನಮ್ಮದಕ್ಕೆ ಒಂದರ ಹಿಂದೊಂದು ನಾಲ್ಕೂ ಬಂದವು. ಐದನೆಯದಾಗಿ ಅತ್ತೆ ಇದ್ದಳು.

ಕೆಂಪು ನೀರಿನ ಕಥೆ ಕೇಳಿ. ನನ್ನ ಗಂಡ ಬಿಳಿ ಬನಿಯನ್ನನ್ನು ಬಿಸಿನೀರಲ್ಲಿ ನೆನೆಸಿಟ್ಟರು, ತೆಗೆದಾಗ ಅದು ಕಾವಿಯಾಗಿತ್ತು. ಯಾವ ಮಠಕ್ಕೂ ಸೇರದೆ ಸಂನ್ಯಾಸಿಯಾದ ಮನುಷ್ಯ ಬನಿಯನ್ನನ್ನು ಎರಡು ಬೆರಳಲ್ಲಿ ಹಿಡಿದು ಅಡುಗೆಮನೆಗೆ ಬಂದರು. ನಾನು ಅದನ್ನು ಕಸಿದುಕೊಂಡು ಹೋಗಿ ಅತ್ತೆಯ ಮುಂದೆ ಹಿಡಿದೆ. ಅವಳು ಬೆಳಕಿಗೆ ಹಿಡಿದು ನೋಡಿ, ‘ಕಬ್ಬಿಣಾಂಶ’ ಎಂದಳು. ‘ಬಸರ ಹೆಣ್ಮಕ್ಕಳಿಗೆ ಇದನ್ನೇ ಗುಳಿಗಿ ಮಾಡಿ ಕೊಡ್ತೀವಿ ನಾವು. ಪುಕ್ಕಟೆ ಮೈಗೆ ಹತ್ತಾಕತ್ತದ, ಸುಮ್ನ ಹಾಕ್ಕೋರಿ.’

‘ನಾ ಬಸರಿಲ್ರಿ ಅತ್ತಿ’ ಎಂದರು ನನ್ನ ಗಂಡ.

ಇಷ್ಟೇ ನೋಡಿ, ಆ ಮನುಷ್ಯ ಈ ವಿಷಯದಲ್ಲಿ ನನಗೆ ಕೊಟ್ಟ ಬೆಂಬಲ!

ಮುಂದೆ ನಲ್ಲಿ ಜುಮ್ ಎನ್ನತೊಡಗಿತು. ಒಂದು ಬೆಳಿಗ್ಗೆ ನನ್ನ ಗಂಡ ಸೊಂಟಕ್ಕೆ ಟವೆಲ್ಲು ಸುತ್ತಿಕೊಂಡು, ಮೈಯೆಲ್ಲ ಸೋಪಿನ ನೊರೆಯೊಂದಿಗೆ ಅಂಗಳದವರೆಗೆ ಓಡಿಬಂದರು. ಅತ್ತೆ ಗಾಬರಿಯಾದಳೇ? ಇಲ್ಲ. ಒಂದು ಕಟ್ಟಿಗೆಯ ಮಣೆ, ಒಂದು ಜೊತೆ ರಬ್ಬರ್ ಚಪ್ಪಲಿ ತಂದು ಬಚ್ಚಲಿನಲ್ಲಿ ಇಟ್ಟಳು. ‘ಚಪ್ಪಲಿ ಹಾಕ್ಕೊಂಡು ಮಣಿ ಮ್ಯಾಲ ನಿಂತು ಜಳಕ ಮಾಡ್ರಿ. ಏನೂ ಆಗಂಗಿಲ್ಲ’ ಎಂದಳು. ದೇವರ ಮುಂದೆಯೂ ಚಪ್ಪಲಿ ಬಿಡುವ ಜನ ನಾವು, ಈ ಡಬ್ಬಿಯ ಮುಂದೆ ಚಪ್ಪಲಿ ಹಾಕಿಕೊಂಡು ನಿಲ್ಲಬೇಕಾಯಿತು. ನಾನು ಅಂದು ಕೂಗಾಡಿದ್ದು ಓಣಿಯ ತುದಿಯ ಹಿಟ್ಟಿನ ಗಿರಣಿಯವರೆಗೂ ಕೇಳಿಸಿತಂತೆ. ಕೊನೆಗೆ ರಫೀಕನೇ ಬಂದು ಅರ್ಥಿಂಗ್ ಸರಿಮಾಡಿದ ಮೇಲೆ ಜುಮ್ ಎನ್ನುವುದು ನಿಂತಿತು. ಹೋಗುವಾಗ ನನ್ನ ಕಿವಿಯಲ್ಲಿ, ‘ಟೀಚರ್, ನೀವರ ಹೇಳ್ರಿ’ ಎಂದ. ಯಾರಿಗೆ ಹೇಳಲಿ? ಇವಳು ಹಿಡಿದ ಮೊಲಕ್ಕೆ ಮೂರೇ ಕಾಲು.

ಆಮೇಲೆ ತಳ ಸೋರಿತು. ಅದಕ್ಕೆ ಅತ್ತೆ ಏನು ಮಾಡಿದಳು? ತನ್ನ ಹಳೆಯ ಪೆಟ್ಟಿಗೆ ತೆಗೆದು, ಗಾಯಕ್ಕೆ ಹಚ್ಚುವ ಗಾಜ್ ಬಟ್ಟೆ ಇಟ್ಟು, ಅದರ ಮೇಲೆ ಬ್ಯಾಂಡೇಜು ಸುತ್ತಿ, ಪ್ಲಾಸ್ಟರು ಅಂಟಿಸಿದಳು. ಎಷ್ಟು ನೀಟಾಗಿ ಸುತ್ತಿದ್ದಳೆಂದರೆ ಗೀಸರು ಬೈಕಿನಿಂದ ಬಿದ್ದುಬಂದವರ ಹಾಗೆ ಕಾಣುತ್ತಿತ್ತು. ಎರಡು ದಿನಕ್ಕೊಮ್ಮೆ ಡ್ರೆಸ್ಸಿಂಗ್ ಬದಲಿಸುವುದು ಬೇರೆ! ಇಷ್ಟೆಲ್ಲ ಸೇವೆ ಮಾಡುವ ಇದೇ ಹೆಂಗಸು, ಓಣಿಯವರು ತಮ್ಮ ಕೂಸುಗಳಿಗೆ ನೀರು ಹಾಕಲು ಕರೆದರೆ ಈಗೆರಡು ವರ್ಷದಿಂದ ಹೋಗುತ್ತಿರಲಿಲ್ಲ. ‘ಮೊಣಕಾಲು ನೋಯಿಸ್ತಾವ, ಕುಂದರಾಕ ಆಗಂಗಿಲ್ಲ’ ಎನ್ನುತ್ತಿದ್ದಳು. ಗೀಸರಿನ ಮುಂದೆ ಹದಿನೈದು ನಿಮಿಷ ಕೂರಲು ಮಾತ್ರ ಮೊಣಕಾಲಿಗೆ ಯಾವ ತಕರಾರೂ ಇರಲಿಲ್ಲ! ಒಲೆಯ ಮೇಲಿನ ಕುದಿಯುವ ಬೋಗುಣಿಯನ್ನು ಬಟ್ಟೆ ಹಿಡಿಯದೆ ಬರಿಗೈಯಲ್ಲಿ ಇಳಿಸಿ ನಮ್ಮೆದುರು ಗತ್ತು ತೋರಿಸುವವಳಿಗೆ ಮೊಣಕಾಲು ನೋವಂತೆ. ನನಗೆ ಇದನ್ನು ಕಂಡರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಇಷ್ಟಾದರೂ ಸಹಿಸಿಕೊಂಡೇ ಇರುತ್ತಿದ್ದೆನೋ ಏನೋ. ಆದರೆ ನನ್ನ ಮಗಳು ಬಸುರಿಯಾದಳು. ಅವಳನ್ನು ಕೊಟ್ಟದ್ದು ಮುದನಾಳಕ್ಕೆ. ಮೊದಲ ಹೆರಿಗೆ, ಮೊದಲ ಬಾಣಂತನ ತವರಿನಲ್ಲೇ ಆಗಬೇಕಲ್ಲವೇ? ಅದೂ ಲೆಕ್ಕ ಹಾಕಿದರೆ ಸರಿಯಾಗಿ ಚಳಿಗಾಲದ ನಟ್ಟನಡುವೆ ಬರುತ್ತಿತ್ತು. ಬಾಣಂತಿಗೆ ಕೊಡಗಟ್ಟಲೆ ಬಿಸಿನೀರು ಎರೆಯಬೇಕು, ಕೂಸಿಗೆ ಹದವಾದ ನೀರು ಬೇಕು. ‘ನಮ್ಮ ಕೂಸಿಗೆ ನಾನೇ ಎರೀತೀನಿ. ಬ್ಯಾರೇದವರು ಕೈ ಹಚ್ಚಂಗಿಲ್ಲ’ ಎಂದು ಅತ್ತೆ ಆಗಲೇ ಅಪ್ಪಣೆ ಕೊಡಿಸಿಯಾಗಿತ್ತು. ಕೈ ಹಚ್ಚಲಿ, ಬೇಡ ಎಂದವರಾರು? ಈ ಡಬ್ಬಿಯ ನೀರಿನಿಂದಲೇ?

ಸೀಮಂತದ ಕುಬಸ ಮಾಡಿ ಮಗಳನ್ನು ಕರೆತಂದಾಗ ಅವಳ ಅತ್ತೆ, ಅಂದರೆ ನಮ್ಮ ಬೀಗಿತಿ, ಜೊತೆಗೆ ಬಂದು ಒಂದು ದಿನ ಉಳಿದರು. ಮರುದಿನ ಬೆಳಿಗ್ಗೆ ಟವೆಲ್ಲು ಹಿಡಿದು ಬಚ್ಚಲಿಗೆ ಹೋದರು. ಒಳಗೆ ಹೋದಷ್ಟೇ ವೇಗದಲ್ಲಿ ಹೊರಗೆ ಬಂದರು.

‘ಯವ್ವಾ! ಬಚ್ಚಲದಾಗ ಯಾರೋ ನರಳಾಕತ್ತಾರ!’

ಅದು ಗೀಸರಿನ ದನಿ. ಮೊದಲು ಟಕ್ ಟಕ್ ಎನ್ನುವುದು, ಆಮೇಲೆ ಗುಂಯ್ ಎಂದು ನರಳುವುದು, ಕೊನೆಗೆ ದಮ್ಮಿನ ರೋಗಿಯಂತೆ ಏದುಸಿರು ಬಿಡುವುದು ಅದರ ನಿತ್ಯದ ಸುಪ್ರಭಾತ. ನಮಗೆ ರೂಢಿಯಾಗಿತ್ತು. ಆದರೆ ಬೀಗಿತಿ ಬಾಗಿಲ ಸಂದಿಯಲ್ಲಿ ಇಣುಕಿ ನೋಡಿದರೆ ಗೋಡೆಯ ಮೇಲೆ ಬ್ಯಾಂಡೇಜು ಕಟ್ಟಿಕೊಂಡು ಏನೋ ನರಳುತ್ತಿದೆ! ಪಾಪ, ಆ ಹೆಂಗಸು ಸ್ನಾನವಿಲ್ಲದೆ ಚಹಾ ಕುಡಿದು, ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದರು:

‘ನೋಡ್ರಿ ಬೀಗರ, ಸಿಟ್ಟಿಗೇಳಬ್ಯಾಡ್ರಿ. ಬಾಣಂತನ ತವರಮನ್ಯಾಗ ಆಗಬೇಕು, ಅದು ನಮಗೂ ಗೊತ್ತದ. ಖರೇ ಆ ಡಬ್ಬಿ ಇರೋ ತನಕ ನನ್ನ ಮೊಮ್ಮಗುವಿಗೆ ಆ ಬಚ್ಚಲದಾಗ ನೀರು ಹಾಕಬ್ಯಾಡ್ರಿ. ಆಗಂಗಿಲ್ಲ ಅಂದ್ರ ಹೇಳ್ರಿ, ನಮ್ಮ ಮುದನಾಳದಾಗ ತೊಗರಿಕಟ್ಟಿಗಿ ಬೇಕಾದಷ್ಟು ಅದ. ನಾವೇ ಮಾಡ್ಕೋತೀವಿ.’

ಕೇಳಿಸಿಕೊಂಡಿರಾ? ಇದಕ್ಕಿಂತ ದೊಡ್ಡ ಅವಮಾನ ಒಬ್ಬ ತಾಯಿಗೆ ಇದೆಯೇ? ಒಬ್ಬಳೇ ಮಗಳು. ಅವಳ ಚೊಚ್ಚಲ ಬಾಣಂತನ ನನ್ನ ಕೈತಪ್ಪಿ ಹೋಗುವುದು ಒಂದು ತುಕ್ಕು ಹಿಡಿದ ಡಬ್ಬಿಯ ದೆಸೆಯಿಂದ! ನಾನು ಆ ದಿನ ಅತ್ತೆಯ ಮುಂದೆ ನಿಂತು, ಇದ್ದಬದ್ದ ಸಿಟ್ಟನ್ನೆಲ್ಲ ಒಟ್ಟುಮಾಡಿಕೊಂಡು ಹೇಳಿದೆ.

‘ಅತ್ತಿ, ಮಗಳು ಹಡಿಯೋದರೊಳಗ ಇದನ್ನ ತೆಗಸ್ತೀನಿ.’

‘ಬಾಣಂತನ ಒಂದು ಮುಗೀಲಿ. ಆಮ್ಯಾಲ ತೆಗಸು. ನಾನೇ ಮುಂದ ನಿಂತು ತೆಗಸ್ತೀನಿ.’

‘ಬಾಣಂತನಕ್ಕಂತನೇ ತೆಗಸಾಕತ್ತೀನಿ! ಮುಗದ ಮ್ಯಾಲ ತೆಗದು ಏನು ಮಾಡ್ಲಿ?’

‘ಅಷ್ಟೇ ತಡಿ ಅಂದೀನಲ್ಲ. ಒಂದೇ ಬಾಣಂತನ.’

‘ಯಾಕ? ಕಾರಣ ಹೇಳು.’

ಅತ್ತೆ ಎದ್ದು ಡ್ರೆಸ್ಸಿಂಗ್ ಬದಲಿಸಲು ಹೋದಳು. ನನ್ನ ಗಂಡನ ಮುಖ ನೋಡಿದೆ. ಅವರು ಕಿಟಕಿಯ ಹೊರಗೆ ಯಾವುದೋ ಹಕ್ಕಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಸರಿ, ಈ ಮನೆಯಲ್ಲಿ ಮಾತಿನಿಂದ ಏನೂ ಆಗುವುದಿಲ್ಲ ಎಂದು ಅಂದೇ ತೀರ್ಮಾನಿಸಿದೆ.

ಮಗಳು ಊರಿನ ಆಸ್ಪತ್ರೆಯಲ್ಲಿ ಹೆಣ್ಣುಕೂಸು ಹೆತ್ತಳು. ತಾಯಿಯೂ ಕೂಸೂ ಚೆನ್ನಾಗಿದ್ದರು. ಅತ್ತೆ ಆಸ್ಪತ್ರೆಯಲ್ಲೇ ಬೀಡುಬಿಟ್ಟಳು. ಅಲ್ಲಿನ ನರ್ಸುಗಳಿಗೆಲ್ಲ ಸಲಹೆ ಕೊಡುತ್ತ, ಅವರಿಂದ ಬೈಸಿಕೊಳ್ಳುತ್ತ, ನಾಲ್ಕು ದಿನ ಮನೆಯ ಕಡೆ ತಲೆ ಹಾಕಲಿಲ್ಲ. ಇಂಥ ಮುಹೂರ್ತ ಮತ್ತೆ ಸಿಗುತ್ತದೆಯೇ? ನಾನು ಅಂಗಡಿಗೆ ಹೋಗಿ ಹೊಸ ಗೀಸರು ತಂದೆ. ರಫೀಕನನ್ನು ಕರೆಸಿದೆ. ಅವನು ಕಳ್ಳತನಕ್ಕೆ ಬಂದವನ ಹಾಗೆ ಓಣಿಯ ಎರಡೂ ಕಡೆ ನೋಡಿ ಒಳಗೆ ಬಂದ.

‘ಟೀಚರ್, ನರ್ಸಮ್ಮ ಕೇಳಿದ್ರ ನನ್ನ ಹೆಸರು ಹೇಳಬ್ಯಾಡ್ರಿ.’

‘ಅಂಜಬ್ಯಾಡೋ. ಮತ್ತ ಕಾಲು ಹಿಡದು ಎತ್ತಾಕ ಆಗಂಗಿಲ್ಲ, ಈಗ ದಪ್ಪ ಆಗೀದಿ’ ಎಂದೆ.

ಬ್ಯಾಂಡೇಜು ಕತ್ತರಿಸಿ ಹಳೆಯದನ್ನು ಇಳಿಸಿದಾಗ ಅದರೊಳಗಿಂದ ಕೆಂಪು ನೀರು, ಸುಣ್ಣದ ಹೆಂಟೆ, ತುಕ್ಕಿನ ಚೂರು ಒಂದು ಬುಟ್ಟಿಯಷ್ಟು ಬಂದವು. ಅದನ್ನು ರಫೀಕನೇ ಗುಜರಿಗೆ ಒಯ್ದ. ಗೋಡೆಯ ಮೇಲೆ ಹೊಸದು ಕೂತಿತು. ಬಿಳಿ ಮೈ, ಒಂದು ಪುಟ್ಟ ದೀಪ, ಕೆಳಗೊಂದು ತಿರುಗಿಸುವ ಗುಂಡಿ. ಸ್ವಿಚ್ಚು ಹಾಕಿದರೆ ಸಪ್ಪಳವೇ ಇಲ್ಲ! ನಾನು ಅದರ ಮುಂದೆ ನಿಂತು ಬಹಳ ಹೊತ್ತು ಆ ಮೌನವನ್ನು ಅನುಭವಿಸಿದೆ. ವರ್ಷಗಳ ನಂತರ ಗೆದ್ದಿದ್ದೆ.

ಒಂದು ದಿನ ಕತ್ತಲಾದ ಮೇಲೆ ಮಗಳೂ ಕೂಸೂ ಅತ್ತೆಯೊಂದಿಗೆ ಮನೆಗೆ ಬಂದರು. ಮರುದಿನ ಬೆಳಿಗ್ಗೆ ಕೂಸಿಗೆ ಮೊದಲ ಸಲ ನಮ್ಮ ಬಚ್ಚಲಿನಲ್ಲಿ ನೀರು ಹಾಕುವುದೆಂದಾಯಿತು. ಅತ್ತೆ ಸೆರಗು ಸಿಕ್ಕಿಸಿಕೊಂಡು, ಕೊಬ್ಬರಿಎಣ್ಣೆಯ ಬಟ್ಟಲು ಹಿಡಿದು, ಬಚ್ಚಲಿನ ಬಾಗಿಲವರೆಗೆ ಬಂದವಳು ಹಾಗೇ ನಿಂತಳು.

‘ಹಳೇದು ಎಲ್ಲದ?’

‘ಗುಜರಿಗೆ ಹೋತು.’

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಗುಳಕ್ಕೆ ಉತ್ತರವನ್ನೂ ಸಿದ್ಧಮಾಡಿಕೊಂಡಿದ್ದೆ. ಅವಳು ಸ್ವಿಚ್ಚು ಹಾಕಿದಳು, ಸ್ಟೂಲಿನ ಮೇಲೆ ಕೂತು ಕಿವಿ ಕೊಟ್ಟಳು. ಏನೂ ಕೇಳಿಸಲಿಲ್ಲ. ಎದ್ದು ಹತ್ತಿರ ಹೋಗಿ ಅದರ ಮೈಗೆ ಕಿವಿಯಿಟ್ಟಳು. ಆಗಲೂ ಏನೂ ಕೇಳಿಸಲಿಲ್ಲ. ಎಣ್ಣೆಯ ಬಟ್ಟಲನ್ನು ನನ್ನ ಕೈಗೆ ಕೊಟ್ಟಳು.

‘ನಾ ಎರಿಯಂಗಿಲ್ಲ. ನೀನೇ ಹಾಕು.’

ಆಗ ನನ್ನ ಪಿತ್ತ ನೆತ್ತಿಗೇರಿತು ನೋಡಿ! ಊರಿನ ಕೂಸುಗಳಿಗೆಲ್ಲ ಎರೆದವಳು, ಸ್ವಂತ ಮನೆಯ ಕೂಸಿಗೆ ಎರೆಯುವುದಿಲ್ಲವಂತೆ! ಏಕೆ? ಅವಳ ಡಬ್ಬಿ ಹೋಯಿತೆಂದು! ಒಳಗೆ ಹಸಿ ಬಾಣಂತಿ ಮಲಗಿದ್ದಾಳೆ, ಕೂಸು ಕೂಗುತ್ತಿದೆ, ಅದನ್ನೂ ಮರೆತು ಕಿರುಚಿದೆ.

‘ತಿಂಗಳಗಟ್ಟಲೆ ನಮ್ಮನ್ನ ಚಪ್ಪಲಿ ಹಾಕಿಸಿ ನಿಲ್ಲಿಸಿದಿ, ನಡಿ, ಸಹಿಸಿಕೊಂಡೆ. ಬೀಗರ ಮುಂದ ಮಾನ ಕಳದಿ, ಸಹಿಸಿಕೊಂಡೆ. ಈಗ ಕೂಸಿನ ಮ್ಯಾಲ ಹಟ ಸಾಧಸ್ತೀಯೇನು? ನಿನಗ ಕೂಸಿಗಿಂತ ಡಬ್ಬಿ ಹೆಚ್ಚಾತಲ್ಲ! ಹಡದಿದ್ರ ಗೊತ್ತಾಗತಿತ್ತು ನಿನಗ!’

ಆ ಕೊನೆಯ ಮಾತು ನನ್ನ ಬಾಯಿಂದ ಬಂದುಬಿಟ್ಟಿತು. ಬರಬಾರದಿತ್ತು. ಬಂದದ್ದನ್ನು ಬರಲಿಲ್ಲ ಎಂದು ಇಲ್ಲಿ ಬರೆಯಲಾರೆ.

ಅತ್ತೆ ತಿರುಗಿ ಬಚ್ಚಲಿನೊಳಗೆ ಹೋದಳು. ನಾನು ಅಳುವ ಕೂಸನ್ನು ಎತ್ತಿಕೊಂಡು ಹಿಂದೆಯೇ ಹೋದೆ. ಅವಳು ಎಂದಿನ ಲೆಕ್ಕದಂತೆ ಎರಡು ತಂಬಿಗೆ ಬಿಸಿನೀರು, ಮೂರು ತಂಬಿಗೆ ತಣ್ಣೀರು ಬಕೀಟಿಗೆ ಸುರಿದಳು. ಬಲಗೈಯನ್ನು ಮಣಿಕಟ್ಟಿನವರೆಗೆ ಅದರೊಳಗೆ ಇಳಿಸಿದಳು. ನೀರಲ್ಲಿ ಬಿದ್ದ ಉಂಗುರ ಹುಡುಕುವವಳ ಹಾಗೆ ಬೆರಳು ಆಡಿಸಿದಳು. ಮತ್ತೆ ಆಡಿಸಿದಳು. ನನಗೆ ತಾಳ್ಮೆ ಎಲ್ಲಿಂದ ಬರಬೇಕು? ‘ಎಷ್ಟೊತ್ತು ಅತ್ತಿ!’ ಎಂದು ನಾನೂ ಬಗ್ಗಿ ಕೈಯದ್ದಿದೆ.

ಸುಟ್ಟೇಹೋಯಿತು! ಚೀರಿ ಕೈ ಎಳೆದುಕೊಂಡೆ. ಗೀಸರಿನ ಗುಂಡಿಯನ್ನು ರಫೀಕ ಪೂರ್ತಿ ತಿರುಗಿಸಿಟ್ಟು ಹೋಗಿದ್ದ. ಗೆದ್ದ ಅಮಲಿನಲ್ಲಿದ್ದ ನಾನು ಅದನ್ನು ನೋಡಿಯೇ ಇರಲಿಲ್ಲ. ಅತ್ತೆಯ ಕೈ ಇನ್ನೂ ಆ ನೀರಿನಲ್ಲೇ ಇತ್ತು. ನಾನೇ ಹಿಡಿದು ಎಳೆದೆ. ಅದು ಕೆಂಪಗಾಗಿತ್ತು. ಅತ್ತೆ ಅದನ್ನು ಬೇರೆ ಯಾರದ್ದೋ ಕೈ ಎಂಬಂತೆ ತಿರುಗಿಸಿ ನೋಡಿದಳು.

‘ಭಾಳ ಬಿಸಿ ಅದೇನು?’ ಎಂದಳು.

‘ಅತ್ತಿ!’

‘ನನಗ ಗೊತ್ತಾಗಂಗಿಲ್ಲಬೇ. ಎರಡು ವರ್ಷ ಆತು. ಸಕ್ಕರಿ ಬ್ಯಾನಿ. ಮೊದಲು ಕಾಲಿಗಿತ್ತು, ಆಮ್ಯಾಲ ಬೆರಳಿಗೆ ಬಂತು, ಈಗ ಮೊಣಕೈ ತನಕ ಏರ್ಯದ. ಬಿಸಿ ಯಾವುದು, ತಣ್ಣಂದು ಯಾವುದು, ಎರಡೂ ಒಂದೇ ಅನಸ್ತಾವ. ಅದಕ್ಕ ಓಣಿಯವರ ಮನಿಗಿ ಹೋಗೋದು ಬಿಟ್ಟೆ. ಮಂದಿ ಕೂಸು, ನನ್ನ ಕೈಯಾಗ ಏನರ ಆದ್ರ?’

ಗೋಡೆಯ ಮೇಲಿನ ಹೊಸ ಡಬ್ಬಿಯ ಕಡೆ ನೋಡುತ್ತ ಅವಳೇ ಮುಂದುವರಿಸಿದಳು.

‘ಹಳೇದು ದನಿ ಮಾಡತಿತ್ತು. ಟಕ್ ಟಕ್ ಅಂದು ಗುಂಯ್ ಅನ್ನೋದರೊಳಗ ಸ್ವಿಚ್ ತೆಗದು, ಎರಡಕ್ಕ ಮೂರು ತಂಬಗಿ ತಣ್ಣೀರು ಬೆರಸಿದ್ರ ಕೂಸಿಗೆ ಹದ. ಗುಂಯ್ ಅಂದ ಮ್ಯಾಲ ತೆಗದ್ರ ಬಾಣಂತಿಗೆ ಹದ. ಕೈ ಹೋದ್ರೂ ಕಿವಿ ಅದ ಅಂತ ಧೈರ್ಯ ಮಾಡಿದ್ದೆ. ದಿನಾ ಕುಂತು ಕಲಿತೀನಿ. ಇದೊಂದು ಕೂಸಿಗೆ ಎರದು ಬಿಡಬೇಕಂತ ಇತ್ತು. ಇದು ನೋಡಿದ್ರ ಮಾತೇ ಆಡವಲ್ದು.’

ನನ್ನ ಸಿಟ್ಟು ಇಳಿಯಿತು ಎಂದುಕೊಂಡಿರಾ? ಇಲ್ಲ, ಇನ್ನೂ ಏರಿತು. ಇಷ್ಟು ದಿನ ಡಬ್ಬಿಯ ಮೇಲಿದ್ದದ್ದು, ಅವಳ ಮೇಲಿದ್ದದ್ದು, ಎಲ್ಲ ಸೇರಿ ನನ್ನ ಮೇಲೆಯೇ ತಿರುಗಿತು. ಒಂದೇ ಮನೆಯಲ್ಲಿದ್ದೇನೆ. ಗೀಸರಿನ ಒಂದೊಂದು ರೋಗವನ್ನೂ ಬೆರಳೆಣಿಸಿ ಹೇಳಬಲ್ಲೆ. ಎದುರಿಗೆ ಕೂತು ಊಟ ಮಾಡುವವಳ ಕೈ ಸತ್ತುಹೋದದ್ದು ಎರಡು ವರ್ಷ ನನ್ನ ಕಣ್ಣಿಗೆ ಬೀಳಲಿಲ್ಲ!

‘ಹೇಳಬಾರದಾಗಿತ್ತೇನು?’ ಎಂದೆ. ಅದೂ ಬೈದಂತೆಯೇ ಬಂತು.

‘ಹೇಳಿದ್ರ ನೀ ನನ್ನ ಕೈಯಾಗ ಕೂಸು ಕೊಡತಿದ್ದೇನು?’

ಕೊಡುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕೂಸನ್ನು ಒಳಗೆ ಮಗಳ ಪಕ್ಕದಲ್ಲಿ ಮಲಗಿಸಿ ಬಂದು, ಅತ್ತೆಯ ಕೈಯನ್ನು ತಣ್ಣೀರಿನ ಕೊಡದಲ್ಲಿ ಇಡಿಸಿದೆ. ಗೀಸರಿನ ಗುಂಡಿ ಇಳಿಸಿದೆ, ಬಕೀಟು ಚೆಲ್ಲಿ ಬೇರೆ ನೀರು ಹಿಡಿದೆ. ಅಷ್ಟರಲ್ಲಿ ಅವಳು ಸೆರಗು ಬಿಚ್ಚಿ ಹೊರಗೆ ಹೊರಟಿದ್ದಳು.

‘ಎಲ್ಲಿಗಿ ಹೊಂಟಿ? ಕೂಡು ಇಲ್ಲೆ’ ಎಂದು ಗದರಿಸಿದೆ. ‘ಕಾಲು ಚಾಚು.’

ಅವಳು ನನ್ನ ಮುಖ ನೋಡಿದಳು. ಮಣೆಯ ಮೇಲೆ ಕೂತು, ಗೋಡೆಗೆ ಒರಗಿ, ಎರಡೂ ಕಾಲು ಚಾಚಿದಳು. ನಾನು ಕೂಸನ್ನು ತಂದು ಆ ಕಾಲುಗಳ ಮೇಲೆ ಬೋರಲಾಗಿ ಮಲಗಿಸಿದೆ. ನೀರನ್ನು ಮೂರು ಸಲ ಮುಟ್ಟಿ ನೋಡಿದೆ, ಮೊಣಕೈಯಿಂದಲೂ ನೋಡಿದೆ. ‘ಸರಿ ಅದ ಅತ್ತಿ, ಹಾಕು’ ಎಂದು ತಂಬಿಗೆಯನ್ನು ಅವಳ ಎಡಗೈಗೆ ಕೊಟ್ಟೆ. ಕೆಂಪಾದ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಎಡಗೈಯಿಂದಲೇ ಅವಳು ನೀರು ಬಿಟ್ಟಳು. ಎಷ್ಟು ಎತ್ತರದಿಂದ ಬಿಡಬೇಕು, ಎಲ್ಲಿ ಓರೆ ಮಾಡಬೇಕು, ಯಾವುದನ್ನೂ ಆ ಕೈ ಮರೆತಿರಲಿಲ್ಲ. ಎರಡನೆಯ ತಂಬಿಗೆಗೆ ಕೂಸು ಅಳು ನಿಲ್ಲಿಸಿತು. ಮೂರನೆಯದಕ್ಕೆ ಕಣ್ಣು ಅರೆಮುಚ್ಚಿತು.

ಅತ್ತೆ ತಂಬಿಗೆ ಕೆಳಗಿಟ್ಟು ಕೂಸಿನ ಬೆನ್ನ ಮೇಲೆ ಅಂಗೈ ಇಟ್ಟಳು. ಒಂದಿಷ್ಟು ಹೊತ್ತು ಹಾಗೇ ಇಟ್ಟುಕೊಂಡಳು.

‘ಕೂಸಿನ ಮೈ ಹೆಂಗದಬೇ?’ ಎಂದಳು.

‘ಮೆತ್ತಗದ ಅತ್ತಿ.’

‘ಮೆತ್ತಗಿರ್ತದ, ಅದು ನನಗೂ ಗೊತ್ತದ. ಎಷ್ಟು ಮೆತ್ತಗದ, ಅದನ್ನ ಹೇಳು.’

ನಾನು ಅವಳ ಕೈಯ ಪಕ್ಕದಲ್ಲಿ ನನ್ನ ಕೈ ಇಟ್ಟೆ. ‘ಬೆನ್ನ ಮ್ಯಾಲ ಸಣ್ಣ ಸಣ್ಣ ಕೂದಲದಾವ, ಕಾಣಂಗಿಲ್ಲ, ಕೈಗೆ ಮಾತ್ರ ಹತ್ತತಾವ. ಭುಜ ಜರಾ ಗಟ್ಟಿ ಅದ. ತೊಡಿ ಇನ್ನಾ ತುಂಬಿಲ್ಲ, ಚರ್ಮ ಸಡ್ಲ ಅದ, ಹಿಡದ್ರ ಜಾರ್ತದ.’

ಅತ್ತೆ ಕಣ್ಣು ಮುಚ್ಚಿಕೊಂಡಳು.

‘ಹೂಂ’ ಎಂದಳು. ‘ಮತ್ತ?’